ಶನಿವಾರದ ಇಂಗ್ಲಿಷ್ ಅಭ್ಯಾಸ: 'ಐ' ಮತ್ತು 'ಮಿ'

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಸಂಜೆ 5.30ಕ್ಕೆ ತೀರ್ಥಹಳ್ಳಿಯಲ್ಲಿ ಎಂದಿನ ಜಾಗದಲ್ಲೇ ಸೇರೋಣ. ಸಂದರ್ಶನಕ್ಕೆ ತಯಾರಾಗುತ್ತಿರುವವರು ತಪ್ಪಿಸಬೇಡಿ.

ಹೋದ ವಾರ ಬಾಗಿಲು ತಟ್ಟಿದವರು 'ಇಟ್ಸ್ ಮಿ' ಅಂದದ್ದಕ್ಕೆ ಒಬ್ಬರು 'ಇಟ್ ಈಸ್ ಐ' ಅನ್ನಬೇಕು ಎಂದು ತಿದ್ದಿದರು. ಬಾಗಿಲು ತಟ್ಟಿದವರು ಆಮೇಲೆ ಬಾಯೇ ಬಿಡಲಿಲ್ಲ, ನನಗೆ ಬೇಜಾರಾಯಿತು. 'ಇಟ್ ಈಸ್ ಐ' ಎನ್ನುವ ನಿಯಮ ಲ್ಯಾಟಿನ್ ವ್ಯಾಕರಣದ ಮಾದರಿಯದು. ಮಾತಿನಲ್ಲಿ ಇಂಗ್ಲಿಷರೂ 'ಇಟ್ಸ್ ಮಿ' ಎಂದೇ ಹೇಳುತ್ತಾರೆ. 'ಬಿಟ್ವೀನ್ ಯೂ ಅಂಡ್ ಐ' ಮಾತ್ರ ಬೇರೆ. ಷೇಕ್ಸ್‌ಪಿಯರ್ ನಾಟಕದಲ್ಲೂ ಇದೆ, ಆದರೂ ಇಂದು ಬರಹದಲ್ಲಿ ಅದನ್ನು ತಪ್ಪೆಂದೇ ಎಣಿಸುತ್ತಾರೆ. 'ಬಿಟ್ವೀನ್ ಯೂ ಅಂಡ್ ಮಿ' ಎಂದು ಬರೆಯಿರಿ. 'ಗಿವ್ ಇಟ್ ಟು ಹಿಮ್ ಅಂಡ್ ಐ' ಥರದ ವಾಕ್ಯದಲ್ಲಿ ಅನುಮಾನ ಬಂದರೆ 'ಐ' ಜೊತೆಗಿರುವ ಪದವನ್ನು ಬಿಟ್ಟು ಹೇಳಿ ನೋಡಿ: 'ಗಿವ್ ಇಟ್ ಟು ಐ' ಅಂತ ಯಾರೂ ಅನ್ನುವುದಿಲ್ಲವಲ್ಲ.

ಗೊಂದಲವಾದ ಎರಡು ವಾಕ್ಯ ಬರೆದು ತನ್ನಿ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಆಗುಂಬೆ ಕಡೆಯವರು ಕೊನೆ ಬಸ್ಸಿನ ಸಮಯವನ್ನೂ ಹಾಕಿ, ಅದಕ್ಕೆ ಮೊದಲೇ ಮುಗಿಸೋಣ.