ಸೆನ್ಸರ್ ಪರೀಕ್ಷಿಸದೆ ಫ್ಯೂಯೆಲ್ ಪಂಪ್ ಬದಲಿಸಿದ ಬಗ್ಗೆ ದೂರು

ಇವರಿಗೆ,
ಸರ್ವೀಸ್ ಮ್ಯಾನೇಜರ್,
ಅಧಿಕೃತ ಕಾರು ಸರ್ವೀಸ್ ಕೇಂದ್ರ, ಹಾಸನ.

ಮಾನ್ಯರೇ,

ನನ್ನ ಪೆಟ್ರೋಲ್ ಕಾರು ನ್ಯೂಟ್ರಲ್‌ನಲ್ಲಿ ನಿಂತಾಗ ತಾನಾಗಿಯೇ ಆಫ್ ಆಗುತ್ತದೆ, ಏರಿನಲ್ಲಿ ಎಳೆಯುವುದಿಲ್ಲ, ಎಂಜಿನ್ ಲೈಟ್ ಉರಿಯುತ್ತಿದೆ ಎಂದು ಕಳೆದ ತಿಂಗಳು ತಮ್ಮಲ್ಲಿಗೆ ತಂದಿದ್ದೆ. ಜಾಬ್ ಕಾರ್ಡಿನಲ್ಲಿ ಇದೆಲ್ಲ ದಾಖಲಾಗಿದೆ. ತಮ್ಮ ಸರ್ವೀಸ್ ಅಡ್ವೈಸರ್ ಫ್ಯೂಯೆಲ್ ಪಂಪ್ ಹೋಗಿದೆಯೆಂದು ಹೇಳಿ, ಅದನ್ನು ಬದಲಿಸಿ, ಲೈಟ್ ಆರಿಸಿ ಗಾಡಿ ಕೊಟ್ಟರು.

ಕೆಲವೇ ದಿನಗಳಲ್ಲಿ, ಮಂಗಳೂರಿನ ಆಸ್ಪತ್ರೆಯಿಂದ ತಾಯಿಯವರನ್ನು ಕರೆತರುವಾಗ, ಶಿರಾಡಿ ಘಾಟಿಯ ಏರಿನಲ್ಲಿ ಹಿಂದೆ ಲೋಡ್ ಲಾರಿಗಳು ಬರುತ್ತಿದ್ದಂತೆಯೇ ಎಂಜಿನ್ ನಿಂತುಹೋಯಿತು. ಎಂಜಿನ್ ನಿಂತರೆ ಸ್ಟೀರಿಂಗ್ ಬಿಗಿಯಾಗುತ್ತದೆ, ಬ್ರೇಕಿಗೆ ಸಿಗುವ ವ್ಯಾಕ್ಯೂಮ್ ನೆರವೂ ಕೆಲವು ಬಾರಿ ಒತ್ತುವಷ್ಟರಲ್ಲಿ ಮುಗಿಯುತ್ತದೆ ಎಂಬುದು ತಮಗೆ ತಿಳಿದ ವಿಷಯ. ಅಂದು ಅನಾಹುತವಾಗದಿದ್ದುದು ಹಿಂದಿದ್ದ ಲಾರಿ ಚಾಲಕರ ಎಚ್ಚರಿಕೆಯಿಂದ.

ಸಕಲೇಶಪುರದ ಮೆಕ್ಯಾನಿಕ್ ಒಬ್ಬರು ಸ್ಕ್ಯಾನರ್ ಹಾಕಿದಾಗ ಸಿಕ್ಕಿದ್ದು ಪಿ0101, ಅಂದರೆ ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರಿನ ಅಳತೆ ತಾಳೆಯಾಗುತ್ತಿಲ್ಲ ಎಂಬ ಕೋಡ್. ಏರ್ ಫಿಲ್ಟರ್ ಪೆಟ್ಟಿಗೆಯ ಒಂದು ಕ್ಲಿಪ್ಪನ್ನು ಹಾಕಿರಲೇ ಇಲ್ಲ. ಹಿಂದಿನ ಸರ್ವೀಸಿನಲ್ಲಿ ಫಿಲ್ಟರ್ ಬದಲಿಸಿದ್ದು ತಮ್ಮ ಸಿಬ್ಬಂದಿಯೇ. ಆ ಸಂದಿಯಿಂದ ನುಗ್ಗಿದ ಧೂಳು ಸೆನ್ಸರಿನ ಬಿಸಿತಂತಿಗೆ ಮೆತ್ತಿಕೊಂಡಿತ್ತು. ಹರಿಯುವ ಗಾಳಿ ಆ ತಂತಿಯನ್ನು ಎಷ್ಟು ತಣಿಸುತ್ತದೆ ಎಂಬುದರಿಂದಲೇ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಗಾಳಿಯ ಪ್ರಮಾಣವನ್ನು ತಿಳಿದು ಪೆಟ್ರೋಲ್ ಬಿಡುವುದರಿಂದ, ತಂತಿ ಕೊಳೆಯಾದರೆ ಗಾಳಿ ಕಡಿಮೆಯೆಂದು ತೋರಿ, ಪೆಟ್ರೋಲೂ ಕಡಿಮೆಯಾಗಿ ಎಂಜಿನ್ ಸೊರಗುತ್ತದೆ. ಆ ಮೆಕ್ಯಾನಿಕ್ ಬ್ಯಾಟರಿಯ ನೆಗೆಟಿವ್ ಕಳಚಿ, ಸೆನ್ಸರ್ ಬಿಚ್ಚಿ, ಅದಕ್ಕೆಂದೇ ಬರುವ ಕ್ಲೀನರ್ ಸ್ಪ್ರೇ ಹೊಡೆದು, ತಂತಿಗೆ ಬಟ್ಟೆಯಾಗಲಿ ಬೆರಳಾಗಲಿ ತಾಗಿಸದೆ ಪೂರ್ತಿ ಒಣಗಿಸಿ ಮರಳಿ ಕೂರಿಸಿದರು. ಅಂದಿನಿಂದ ಐಡ್ಲಿಂಗ್ (ಗಾಡಿ ನಿಂತಾಗ ಎಂಜಿನ್ ಓಡುವ ವೇಗ) ಸ್ಥಿರವಾಗಿದೆ. ಅದೇ ಘಾಟಿಯನ್ನು ಗಾಡಿ ಸಲೀಸಾಗಿ ಹತ್ತಿದೆ.

ಪಂಪ್ ನಿಜಕ್ಕೂ ಕೆಟ್ಟಿದ್ದರೆ ಫ್ಯೂಯೆಲ್ ಪ್ರೆಷರ್ ಅಳೆದ ದಾಖಲೆ ಇರಬೇಕಿತ್ತು. ಬಿಲ್ಲಿನಲ್ಲಾಗಲಿ ಜಾಬ್ ಕಾರ್ಡಿನಲ್ಲಾಗಲಿ ಅದಿಲ್ಲ, ಹಳೆಯ ಪಂಪನ್ನೂ ನನಗೆ ತೋರಿಸಿಲ್ಲ. ಕೋಡನ್ನು ಓದದೆ ಅಳಿಸಿದರೋ, ಓದಿಯೂ ಕಡೆಗಣಿಸಿದರೋ, ಯಾವುದಾದರೂ ಅದು ಪ್ರಾಣಕ್ಕೆ ಎರವಾಗಬಹುದಾಗಿದ್ದ ಲೋಪ.

ಆದ್ದರಿಂದ ಪಂಪಿನ ಬೆಲೆಯನ್ನೂ ಲೇಬರ್ ಶುಲ್ಕವನ್ನೂ ಮರಳಿಸಬೇಕು. ಅಂದು ಸ್ಕ್ಯಾನರಿನಲ್ಲಿ ಕಂಡ ಕೋಡುಗಳ ಪ್ರತಿಯನ್ನು ಒದಗಿಸಬೇಕು. 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಗಾಗಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಬಿಲ್ಲುಗಳು, ಜಾಬ್ ಕಾರ್ಡ್ ಹಾಗೂ ತೆರೆದಿದ್ದ ಕ್ಲಿಪ್ಪಿನ ಫೋಟೊಗಳನ್ನು ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ,
(ಸಹಿ)
ಸಕಲೇಶಪುರ