ಫೋನ್ ವಿಮರ್ಶಕರು ದುಡಿಯ ಸದ್ದನ್ನೂ ಕೇಳಲಿ

ಮಾನ್ಯ ಸಂಪಾದಕರೇ,

ಹೊಸ ಫೋನುಗಳ ವಿಮರ್ಶೆ ಬರೆಯುವವರು ಮೈಕ್ ಪರೀಕ್ಷಿಸುವುದು ಹೆಚ್ಚಾಗಿ ಮಾತಾಡಿ. ಅದು ಸಾಲದು ಎಂಬುದು ಸುಗ್ಗಿ ಹಬ್ಬವಾದ ಪುತ್ತರಿ ಹೊತ್ತಿಗೆ ಕೊಡಗಿನಲ್ಲಿ ತಿಳಿಯುತ್ತದೆ. ನಾಲ್ವರು ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸುತ್ತಾ ಕೊಡವರ ಸಾಂಪ್ರದಾಯಿಕ ಹಾಡಾದ ಬಾಳೋಪಾಟ್ ಹಾಡುವುದನ್ನು ರೆಕಾರ್ಡ್ ಮಾಡುವಾಗ, ದನಿಯ ಮಟ್ಟವನ್ನು ಫೋನು ತಾನೇ ಸರಿಪಡಿಸಲು ಹೋಗಿ ಪ್ರತಿ ಪೆಟ್ಟಿಗೂ ಹಾಡನ್ನು ಅದುಮುತ್ತದೆ, ಮರುಕ್ಷಣ ಏರಿಸುತ್ತದೆ. ಕೇಳಲು ಏದುಸಿರಿನಂತೆ! ಗದ್ದಲ ತಗ್ಗಿಸುವ ಸೌಲಭ್ಯವಂತೂ ದುಡಿಯ ಗುಂಯ್‌ ಎನ್ನುವ ಉಳಿಕೆ ನಾದವನ್ನೇ ಗದ್ದಲವೆಂದು ಅಳಿಸಬಹುದು.

ಹಾಡು ರೆಕಾರ್ಡ್ ಮಾಡುವವರು ಇವೆರಡನ್ನೂ ಆಫ್ ಮಾಡಲು ಬಿಡುವ ರೆಕಾರ್ಡಿಂಗ್ ಆ್ಯಪ್ ಬಳಸಿ. 48 ಕಿಲೋಹರ್ಟ್ಸ್, 24 ಬಿಟ್‌ನ, ಸದ್ದನ್ನು ಕುಗ್ಗಿಸದ ವೇವ್ (WAV) ಫೈಲ್ ಇರಲಿ. ಸ್ಟೀರಿಯೊ ಆದರೆ ಗಂಟೆಗೆ ಸುಮಾರು 1 ಜಿಬಿ ಜಾಗ ಬೇಕು. ಅತಿ ಜೋರಿನ ಪೆಟ್ಟು ಆ್ಯಪ್‌ನ ಸದ್ದಿನ ಮಾಪಕದಲ್ಲಿ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲೇ ನಿಲ್ಲಬೇಕು. ಫೋನನ್ನು ದುಡಿಯ ಮುಖಕ್ಕೆ ಹಿಡಿಯದೆ, ನಾಲ್ವರಿಗೂ ಸಮದೂರದಲ್ಲಿ, ಬಾಯಿಯ ಎತ್ತರಕ್ಕೆ ಸ್ಟ್ಯಾಂಡಿನಲ್ಲಿಡಿ. ಫ್ಲೈಟ್ ಮೋಡ್ ಮರೆಯಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿಯೇ ಕಳಿಸಿ. ವಿಡಿಯೊ ಮಾಡಿ ಕಳಿಸಿದರೆ ಸದ್ದು ಕುಗ್ಗಿ ಹಾಳಾಗುತ್ತದೆ.

ನಿಮ್ಮ ಪತ್ರಿಕೆಯ ಫೋನ್ ವಿಮರ್ಶೆಗಳಲ್ಲಿ ದನಿಯ ಮಟ್ಟ ತಾನೇ ಸರಿಪಡಿಸುವ ಮತ್ತು ಗದ್ದಲ ತಗ್ಗಿಸುವ ಸೌಲಭ್ಯಗಳನ್ನು ಆಫ್ ಮಾಡಬಹುದೇ ಎಂಬ ಒಂದು ಸಾಲು ಸೇರಿಸಿ.

– ಜಾನಪದ ಆಸಕ್ತರು, ವಿರಾಜಪೇಟೆ