ಅವಸರವಿಲ್ಲದ ಕಾಲದಲ್ಲಿ ಮನೆ: ಮಗಳಿಗೊಂದು ಪತ್ರ

ಶಿವಮೊಗ್ಗ

ಪ್ರೀತಿಯ ಪುಟ್ಟಿ,

ನಮ್ಮೂರಿನ ಗೋಪಾಳ ಬಡಾವಣೆಯಲ್ಲಿ ನೀವು ಕೊಳ್ಳಬೇಕೆಂದಿರುವ ಮನೆಯ ವಿಷಯ ಫೋನಿನಲ್ಲಿ ಮಾತಾಡಿ ಮುಗಿಯುವಂಥದ್ದಲ್ಲ. ಅದಕ್ಕೇ ಬರೆಯಲು ಕೂತೆ. ಅಳಿಯಂದಿರಿಗೂ ಓದಲು ಕೊಡು.

ನಿಮ್ಮ ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದಾರೆ, ಎಲ್ಲ ಕಡೆ ವ್ಯಾಪಾರ ಬಿದ್ದಿದೆ, ಇಂಥ ಹೊತ್ತಿನಲ್ಲೇ ಮನೆ ಅಗ್ಗಕ್ಕೆ ಸಿಗುತ್ತದೆ ಅಂತ ಸ್ನೇಹಿತರು ಹೇಳುತ್ತಾರೆ ಅಂದೆ. ಸಹಕಾರಿ ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೂತು ಇಷ್ಟು ವರ್ಷ ಊರವರ ಮನೆ ಕಾಗದ ಓದಿದವಳು ನಾನು. ನಮ್ಮೂರಲ್ಲಿ ಕಷ್ಟಕಾಲ ಬಂದರೆ ಬೆಲೆ ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ. ಮಾರುವವರು ಮೊದಲು ಹೇಳಿದ ರೇಟನ್ನೇ ಹೇಳುತ್ತಿರುತ್ತಾರೆ, ಕೊಳ್ಳುವವರು ಬರುವುದಿಲ್ಲ, ಮನೆಗೆ ಬೀಗ ಬಿದ್ದಿರುತ್ತದೆ. ತೀರಾ ತುರ್ತು ಇದ್ದವರು ಮಾತ್ರ ಇಳಿಸುತ್ತಾರೆ. ಹಾಗಾಗಿ ನಿಮಗೆ ಈಗ ನಿಜವಾಗಿ ಸಿಗುವುದು ಸಮಯ. ವ್ಯಾಪಾರ ಜೋರಿದ್ದಾಗ ಬೆಳಿಗ್ಗೆ ಮನೆ ನೋಡಿದರೆ ಸಂಜೆಯೊಳಗೆ ಅಡ್ವಾನ್ಸ್ ಕೊಡಬೇಕು, ಇಲ್ಲದಿದ್ದರೆ ಬೇರೆಯವರ ಪಾಲು. ವಕೀಲರಿಗೆ ತೋರಿಸುತ್ತೇನೆ ಅಂದರೆ ಮಾರುವವರ ಮುಖ ಗಂಟಿಕ್ಕುತ್ತದೆ. ಈಗ ಹಾಗಿಲ್ಲ. ಎರಡು ತಿಂಗಳು ಕಾಯಿರಿ ಅಂದರೂ ಕಾಯುತ್ತಾರೆ. ಆ ಎರಡು ತಿಂಗಳನ್ನು ಸರಿಯಾಗಿ ಬಳಸಿಕೊಂಡರೆ, ರೇಟಿನಲ್ಲಿ ಇಳಿಯುವ ಒಂದೆರಡು ಲಕ್ಷಕ್ಕಿಂತ ಅದೇ ಜಾಸ್ತಿ ಲಾಭ.

ಇನ್ನೊಂದು ಮಾತು. ಬೆಂಗಳೂರಿನ ಕಷ್ಟಕಾಲವೂ ಶಿವಮೊಗ್ಗದ ಕಷ್ಟಕಾಲವೂ ಒಂದೇ ಅಲ್ಲ. ನಿಮ್ಮಲ್ಲಿ ಐಟಿ ಕೆಮ್ಮಿದರೆ ಫ್ಲ್ಯಾಟುಗಳಿಗೆ ನೆಗಡಿ. ನಮ್ಮಲ್ಲಿ ಅಡಿಕೆ ಧಾರಣೆ ನೋಡಬೇಕು. 2014ರಲ್ಲಿ ಧಾರಣೆ ಏರಿದಾಗ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಇಲ್ಲಿ ಸೈಟು ಹುಡುಕಿದ್ದೇ ಹುಡುಕಿದ್ದು. ಧಾರಣೆ ಇಳಿದ ಮೇಲೆ ಅದೇ ಬಡಾವಣೆಗಳಲ್ಲಿ ಕೇಳುವವರಿಲ್ಲ. ಈಗ ಎಲೆಚುಕ್ಕೆ ರೋಗ, ಕೊಳೆ ರೋಗ ಅಂತ ತೋಟದವರು ಕಂಗಾಲಾಗಿದ್ದಾರೆ. ಮಾರುವವರು ಯಾಕೆ ಮಾರುತ್ತಿದ್ದಾರೆ ಅಂತ ತಿಳಿದುಕೊಂಡರೆ ಮಾತುಕತೆಗೂ ಅನುಕೂಲ. ತೋಟದ ಸಾಲಕ್ಕೆ ಮಾರುತ್ತಿದ್ದರೆ ಆ ಸಾಲ ಈ ಮನೆಯ ಮೇಲೂ ಇದೆಯಾ ಅಂತ ನೋಡಲೇಬೇಕು.

ಭದ್ರಾವತಿ ನಿನಗೆ ಗೊತ್ತಿರುವ ಊರೇ. ಕಾಗದ ಕಾರ್ಖಾನೆ 1930ರ ದಶಕದಲ್ಲಿ ಶುರುವಾಗಿದ್ದು. 2015ರ ಹೊತ್ತಿಗೆ ಉತ್ಪಾದನೆ ನಿಂತಿತು. ಕಬ್ಬಿಣದ ಕಾರ್ಖಾನೆಯೂ ಅರೆಜೀವ. ಕಾರ್ಮಿಕರಿಗೆ ಬಾಡಿಗೆ ಕೊಡಲೆಂದೇ ಮನೆ ಕಟ್ಟಿಸಿದವರ ಪಾಡು ನೋಡಿದ್ದೇನೆ. ಮನೆ ಗಟ್ಟಿಯಾಗಿಯೇ ಇತ್ತು, ಬಾಡಿಗೆದಾರರು ಇರಲಿಲ್ಲ. ಗೋಪಾಳದಲ್ಲಿ ಆ ಭಯ ಕಡಿಮೆ. ಸರ್ಕಾರಿ ನೌಕರರು, ಕಾಲೇಜಿನವರು, ಆಸ್ಪತ್ರೆಯವರು ಅಂತ ನಾಲ್ಕಾರು ಕಡೆಯಿಂದ ಸಂಬಳ ಬರುವ ಜಾಗ ಅದು. ಆದರೆ ಬಾಡಿಗೆಗೆ ಅಂತಲೇ ಕೊಳ್ಳುವುದಾದರೆ ಬೇಡ ಮಗಳೇ. ಮಾರುವವರು 60 ಲಕ್ಷ ಹೇಳುತ್ತಿದ್ದಾರೆ. ತಿಂಗಳಿಗೆ 15 ಸಾವಿರ ಬಾಡಿಗೆ ಬಂತು ಅಂತಿಟ್ಟುಕೊ. ವರ್ಷಕ್ಕೆ 1.8 ಲಕ್ಷ, ಹಾಕಿದ ಹಣಕ್ಕೆ ಶೇ 3. ಸಾಲದ ಬಡ್ಡಿ ಅದರ ಎರಡು ಪಟ್ಟಿಗೂ ಮೇಲೆ. ಮೂರ್ನಾಲ್ಕು ವರ್ಷದಲ್ಲಿ ಊರಿಗೆ ಬಂದು ಇರುತ್ತೀರಿ ಅನ್ನುವುದು ಗಟ್ಟಿಯಾದರೆ ಮಾತ್ರ ಕೊಳ್ಳಿ.

ಈಗ ಕಾಗದದ ವಿಷಯ. ಇದನ್ನು ಎರಡು ಸಲ ಓದು.

ಆ ಮನೆಯ ಯಜಮಾನರು ತೀರಿಕೊಂಡಿದ್ದಾರೆ. ದೊಡ್ಡ ಮಗ ಮಾರುತ್ತಿದ್ದಾನೆ. ಖಾತೆ ಅವನ ಹೆಸರಿಗಿದೆ, ಇ-ಖಾತೆಯೂ ಆಗಿದೆ, ಎಲ್ಲ ಕ್ಲಿಯರ್ ಅಂತ ಬ್ರೋಕರ್ ಹೇಳಿದರು ಅಂದೆಯಲ್ಲ. ಇ-ಖಾತೆ ಇಲ್ಲದೆ ಈಗ ರಿಜಿಸ್ಟ್ರೇಷನ್ನೇ ಆಗುವುದಿಲ್ಲ, ಹಾಗಾಗಿ ಅದು ಬೇಕೇ ಬೇಕು. ಆದರೆ ಖಾತೆ ಇರುವುದು ಕಂದಾಯ ಕಟ್ಟಲು. ಅದರಿಂದ ಯಾರೂ ಮಾಲೀಕರಾಗುವುದಿಲ್ಲ. ತಂದೆ ಸ್ವಂತ ದುಡಿಮೆಯಲ್ಲೇ ಮನೆ ಕಟ್ಟಿದ್ದರೂ, ವಿಲ್ ಬರೆಯದೆ ಹೋಗಿದ್ದರೆ ಹೆಂಡತಿಗೂ ಮಕ್ಕಳೆಲ್ಲರಿಗೂ ಸಮಪಾಲು. ಪಿತ್ರಾರ್ಜಿತವಾಗಿದ್ದರೆ ಇನ್ನೂ ಎಚ್ಚರ ಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿದೆ. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಲೇಬೇಕು ಅಂತೇನಿಲ್ಲ ಅಂತ 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ರಿಜಿಸ್ಟರ್ ಆದ ವಿಭಾಗಪತ್ರ ಇದ್ದರೆ ಅದನ್ನು ಈ ತಿದ್ದುಪಡಿಯ ಹೆಸರಲ್ಲಿ ಯಾರೂ ಕೆದಕುವಂತಿಲ್ಲ. ಅಂಥ ಪತ್ರ ಇದೆಯಾ ಅಂತ ಕೇಳು.

ಆ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ಇದ್ದಾರೆ, ಇಬ್ಬರೂ ಮದುವೆಯಾಗಿ ಹೋಗಿದ್ದಾರೆ. "ಅವರದ್ದೇನೂ ತಕರಾರಿಲ್ಲ, ಬಾಯಲ್ಲಿ ಒಪ್ಪಿದ್ದಾರೆ" ಅಂತಾರೆ. ಬಾಯಿಮಾತು ಸಾಲದು. ನಾಡಕಚೇರಿಯಿಂದ ವಂಶವೃಕ್ಷ ತರಿಸಬೇಕು. ಅದರಲ್ಲಿ ಹೆಸರಿರುವ ಪ್ರತಿಯೊಬ್ಬರೂ, ಅವರ ತಾಯಿಯೂ ಸೇರಿ, ಕ್ರಯಪತ್ರಕ್ಕೆ ಮಾರುವವರಾಗಿ ಸಹಿ ಹಾಕಬೇಕು, ಇಲ್ಲವೇ ರಿಜಿಸ್ಟರ್ ಆದ ಹಕ್ಕು ಬಿಡುಗಡೆ ಪತ್ರ ಕೊಡಬೇಕು. ಸಾಕ್ಷಿ ಅಂತ ಸಹಿ ಹಾಕಿಸಿದರೆ ನಡೆಯುವುದಿಲ್ಲ. ನಾನಿದನ್ನು ಇಷ್ಟು ಒತ್ತಿ ಹೇಳಲು ನಿನ್ನ ಹಣವೊಂದೇ ಕಾರಣ ಅಲ್ಲ. ಆ ಹೆಣ್ಣುಮಕ್ಕಳಿಗೆ ಅವರ ಪಾಲು ಸಿಕ್ಕಿದೆಯಾ ಅನ್ನುವುದೂ ನನಗೆ ಮುಖ್ಯ. ಕಷ್ಟಕಾಲದಲ್ಲಿ ಅಣ್ಣತಮ್ಮಂದಿರು ಬೇಗ ಮಾರಿ ಕೈತೊಳೆದುಕೊಳ್ಳಲು ನೋಡುತ್ತಾರೆ, ತಂಗಿಗೆ ಒಂದು ಸೀರೆ ಕೊಟ್ಟು ಮುಗಿಸುತ್ತಾರೆ. ಅಂಥ ಮನೆಯಲ್ಲಿ ನೀನು ಸಂಸಾರ ಹೂಡುವುದು ನನಗೆ ಇಷ್ಟವಿಲ್ಲ.

ಆಸ್ತಿಯ ಮೇಲೆ ರಿಜಿಸ್ಟರ್ ಆದ ಸಾಲ, ವ್ಯವಹಾರ ತೋರಿಸುವ ಋಣಭಾರ ಪತ್ರ, ಅದೇ ಇ.ಸಿ., 30 ವರ್ಷದ್ದು ತೆಗೆಸು. ಸರ್ಕಾರದ ನೋಂದಣಿ ವೆಬ್‌ಸೈಟ್ ಕಾವೇರಿಯಲ್ಲಿ ಆನ್‌ಲೈನಾಗಿ ಸುಮಾರು 2004ರಿಂದ ಈಚಿನದು ಸಿಗುತ್ತದೆ. ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕು. ರಿಜಿಸ್ಟರ್ ಆಗದ ಕರಾರು, ಕೋರ್ಟಿನಲ್ಲಿರುವ ದಾವೆ ಇವೆಲ್ಲ ಇ.ಸಿ.ಯಲ್ಲಿ ಕಾಣಿಸದೇ ಇರಬಹುದು. ಅದಕ್ಕೆ ಅಕ್ಕಪಕ್ಕದ ಮನೆಯವರನ್ನು ಮಾತಾಡಿಸಬೇಕು. ಆ ಕೆಲಸ ನನಗೆ ಬಿಡು.

ಸವಳಂಗ ರಸ್ತೆಯ ಆಚೆ ಅರ್ಧ ರೇಟಿಗೆ ಸೈಟು ಇದೆ ಅಂತ ಒಬ್ಬರು ನಿನಗೆ ನಕ್ಷೆ ಕಳಿಸಿದ್ದರಲ್ಲ, ಅದನ್ನು ಮರೆತುಬಿಡು. ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಯಾವ ಗದ್ದೆ ತೋರಿಸಿದರೂ "ಏರ್‌ಪೋರ್ಟಿಗೆ ಹತ್ತಿರ" ಅನ್ನುತ್ತಾರೆ. ಕೃಷಿ ಜಮೀನು ಪರಿವರ್ತನೆ ಆಗಿದೆಯಾ, ನಗರಾಭಿವೃದ್ಧಿ ಪ್ರಾಧಿಕಾರ, ಅದೇ ಸೂಡಾ, ಒಪ್ಪಿದ ಬಡಾವಣೆಯಾ, ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಬಂದಿದೆಯಾ? ಮೂರಕ್ಕೂ ಹೌದು ಅಂತ ಕಾಗದ ತೋರಿಸಿದ ಮೇಲೆ ಮಾತು. ಕಟ್ಟುತ್ತಿರುವ ಅಪಾರ್ಟ್‌ಮೆಂಟ್ ಈ ಕಾಲಕ್ಕೆ ಇನ್ನೂ ಬೇಡ. ಬಿಲ್ಡರಿನ ಕೈ ಖಾಲಿಯಾದರೆ ಕಂಬಗಳು ಅಲ್ಲೇ ನಿಲ್ಲುತ್ತವೆ. ಕೊಳ್ಳುವವರ ಹಣದಲ್ಲಿ ಶೇ 70ನ್ನು ಬೇರೆ ಖಾತೆಯಲ್ಲಿಡಬೇಕು, ಕರಾರು ರಿಜಿಸ್ಟರ್ ಆಗುವ ಮುಂಚೆ ಶೇ 10ಕ್ಕಿಂತ ಜಾಸ್ತಿ ತೆಗೆದುಕೊಳ್ಳಬಾರದು ಅಂತ ಬಿಲ್ಡರುಗಳಿಗೆ ಕಡಿವಾಣ ಹಾಕುವ ರೇರಾ ಕಾಯ್ದೆ ಹೇಳುತ್ತದೆ. ಒಳ್ಳೆಯ ಕಾಯ್ದೆ. ಆದರೂ ಕಾಯುವವರು ನೀವೇ ಅಲ್ವಾ?

ಸಾಲಕ್ಕೆ ಬರೋಣ. 45 ಲಕ್ಷ, 20 ವರ್ಷ ಅಂದಿರಿ. ಶೇ 7ರ ಬಡ್ಡಿಗೆ ಕಂತು ಸುಮಾರು 34,900. ಬಡ್ಡಿ ಶೇ 9.5 ಆದರೆ ಸುಮಾರು 41,950. ಅಷ್ಟು ಏರುತ್ತದಾ ಅಂತ ಕೇಳಬೇಡ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಅಂದರೆ ರೆಪೊ ದರವನ್ನು, ಶೇ 4ರಿಂದ 6.5ಕ್ಕೆ ಏರಿಸಿತು. ಸರಿಯಾಗಿ ಎರಡೂವರೆ. ಅಂಥ ಹೊತ್ತಲ್ಲಿ ಬ್ಯಾಂಕುಗಳು ಕಂತು ಏರಿಸದೆ ಅವಧಿ ಉದ್ದ ಮಾಡುವುದುಂಟು. ನೋಡಲು ಹಾಯಾಗಿರುತ್ತದೆ. ಲೆಕ್ಕ ಹಾಕು: ಶೇ 9.5ರಲ್ಲಿ 45 ಲಕ್ಷಕ್ಕೆ ಮೊದಲ ತಿಂಗಳ ಬಡ್ಡಿಯೇ 35,625. ಹಳೆಯ ಕಂತು ಬಡ್ಡಿಗೂ ಸಾಲುವುದಿಲ್ಲ. ಕಂತು ಏರಿಸದಿದ್ದರೆ ಅಸಲು ಬೆಳೆಯುತ್ತಾ ಹೋಗುತ್ತದೆ. 2020ರಲ್ಲಿ ಕೊರೊನಾ ಹೊತ್ತಲ್ಲಿ ಕಂತು ಮುಂದೂಡಲು ಬಿಟ್ಟರಲ್ಲ, ಆಗಲೂ ಬಡ್ಡಿ ನಿಂತಿರಲಿಲ್ಲ.

ಅದಕ್ಕೇ ಹೇಳುವುದು, ನಿಮ್ಮಿಬ್ಬರಲ್ಲಿ ಕಡಿಮೆ ಸಂಬಳ ಯಾರದ್ದೋ ಅವರೊಬ್ಬರ ಸಂಬಳದಲ್ಲಿ 42 ಸಾವಿರ ಕಂತು ಕಟ್ಟಿ ಮನೆ ನಡೆಯಬೇಕು. ಹಾಗೆ ಆಗದಿದ್ದರೆ ಸಾಲ ಇಳಿಸಿ. ಒಂದು ವರ್ಷದ ಕಂತು, ಅಂದರೆ ಐದು ಲಕ್ಷ, ಎಫ್‌ಡಿಯಲ್ಲಿ ಬೇರೆ ಇರಲಿ. ಅದನ್ನು ಪೀಠೋಪಕರಣಕ್ಕೆ ಮುಟ್ಟಬಾರದು. ರಿಜಿಸ್ಟ್ರೇಷನ್ ಖರ್ಚಿಗೆ ಬ್ಯಾಂಕು ಸಾಲ ಕೊಡುವುದಿಲ್ಲ ಅನ್ನುವುದನ್ನೂ ಬರೆದಿಟ್ಟುಕೊ. 45 ಲಕ್ಷ ದಾಟಿದ ಮನೆಗೆ ಮುದ್ರಾಂಕ ಶುಲ್ಕ ಶೇ 5. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು 2 ಆಗಿದೆ. ಸೆಸ್, ಸರ್ಚಾರ್ಜ್ ಸೇರಿ 60 ಲಕ್ಷಕ್ಕೆ ನಾಲ್ಕೂವರೆ ಲಕ್ಷ ದಾಟುತ್ತದೆ. ಬೆಲೆ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ಟಿಡಿಎಸ್ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದ್ದು. ಕಟ್ಟದಿದ್ದರೆ ನೋಟಿಸು ನಿಮಗೇ ಬರುತ್ತದೆ. ಒಂದಷ್ಟು ನಗದಾಗಿ ಕೊಡಿ, ಪತ್ರದಲ್ಲಿ ಕಡಿಮೆ ತೋರಿಸೋಣ ಅಂದರೆ ಅಲ್ಲಿಗೇ ಕೈಬಿಡಿ.

ರೇಟು ಇಳಿಸಲು ಅವರಿಗೆ ಮನಸ್ಸಿಲ್ಲದಿದ್ದರೆ ಬೇರೆ ದಾರಿಯಲ್ಲಿ ಕೇಳು. ಹಳೆಯ ಕಂದಾಯ ಬಾಕಿ ಅವರೇ ತೀರಿಸಲಿ, ತಾರಸಿಯ ಸೋರಿಕೆ ಸರಿ ಮಾಡಿಕೊಡಲಿ, ಕರಾರಿನ ಅವಧಿ ಮೂರು ತಿಂಗಳಿರಲಿ. ಸಾಲ ಮಂಜೂರಾಗದಿದ್ದರೆ ಅಡ್ವಾನ್ಸ್ ವಾಪಸು ಅನ್ನುವ ಸಾಲು ಕರಾರಿನಲ್ಲಿ ಇರಲೇಬೇಕು. ಅಳಿಯಂದಿರ ಕೆಲಸದ ಪರಿಸ್ಥಿತಿ ನೋಡಿದರೆ ಇದೇ ಎಲ್ಲಕ್ಕಿಂತ ದೊಡ್ಡದು. ಜನ ಕೊಳ್ಳಲು ಮುಗಿಬೀಳುವಾಗ ಇಂಥ ಷರತ್ತಿಗೆ ಯಾರೂ ಒಪ್ಪುವುದಿಲ್ಲ, ಈಗ ಒಪ್ಪುತ್ತಾರೆ.

ಮನೆಯನ್ನು ಬಿಸಿಲಲ್ಲಿ ನೋಡಿ ಒಪ್ಪಬೇಡ. ಪಡುವಣ ಗೋಡೆಯ ತೇವ, ಚರಂಡಿ ನೀರು ಯಾವ ಕಡೆ ಹರಿಯುತ್ತದೆ, ಇದೆಲ್ಲ ಮಳೆಯಲ್ಲೇ ಗೊತ್ತಾಗುವುದು. ತುಂಗೆಯ ಗಾಜನೂರು ಡ್ಯಾಂ ಬೇಗ ತುಂಬುವ ಡ್ಯಾಂ. 2019ರ ಆಗಸ್ಟಿನಲ್ಲಿ ತುಂಗೆ ನದಿ ಪಕ್ಕದ ಬಡಾವಣೆಗಳಿಗೆ ನುಗ್ಗಿದ್ದು ನಿನಗೆ ನೆನಪಿರಬೇಕು. ಆ ವರ್ಷ ಈ ಬೀದಿಯಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಎದುರು ಮನೆಯವರನ್ನು ಕೇಳುತ್ತೇನೆ.

ಹಳೆಯ ಇ.ಸಿ.ಗೆ ಅಪ್ಪಯ್ಯ ಸೋಮವಾರ ಅರ್ಜಿ ಹಾಕುತ್ತಾರೆ. ಮೂಲ ಕ್ರಯಪತ್ರದ ನಕಲು, ವಂಶವೃಕ್ಷ, ಕಂದಾಯದ ರಸೀದಿ ಇಷ್ಟನ್ನು ಬ್ರೋಕರ್ ಹತ್ತಿರ ನೀನೇ ಕೇಳಿ ವಾಟ್ಸಾಪಿನಲ್ಲಿ ತರಿಸಿಕೊ, ವಕೀಲರಿಗೆ ನಾನು ತೋರಿಸುತ್ತೇನೆ. ಅವರು ಲಿಖಿತವಾಗಿ ಅಭಿಪ್ರಾಯ ಕೊಡುವ ತನಕ ಟೋಕನ್ ಅಂತ ಒಂದು ರೂಪಾಯಿಯನ್ನೂ ಕಳಿಸಬೇಡ, ಎಷ್ಟು ಸಲ ಫೋನ್ ಮಾಡಿದರೂ. ಆಷಾಢದಲ್ಲಿ ಮನೆ ನೋಡಬಾರದು ಅಂತ ನಿನ್ನ ಅತ್ತೆ ಹೇಳಬಹುದು. ಕೊಳ್ಳುವುದು ಶ್ರಾವಣದಲ್ಲೇ ಆಗಲಿ, ನೋಡಲು ಮಳೆ ಜೋರಿರುವ ಒಂದು ಶನಿವಾರ ಇಬ್ಬರೂ ರಾತ್ರಿ ರೈಲಿಗೆ ಬನ್ನಿ.

ನಿನ್ನ
ಅಮ್ಮ